ಡ್ರಾಯರಿನ ತಳದಲ್ಲಿ ಸಿಕ್ಕ ಪ್ಲಾನು

ಕಾರ್ಖಾನೆಯ ಹಿಂದಿನ ಕೋಣೆ,
ಸೋಮವಾರ, ೮ನೇ ತಾರೀಕು

ಪ್ರೀತಿಯ ಪುಟ್ಟಿ,

ಹೇಗಿದ್ದೀಯಮ್ಮಾ? ಕೆಮ್ಮು ಹೋಯಿತೇ? ಆ ದೊಡ್ಡ ಫ್ಯಾಕ್ಟರಿಯಲ್ಲಿ ಊಟಕ್ಕೆ ಅರ್ಧ ಗಂಟೆಯಾದರೂ ಬಿಡುತ್ತಾರಷ್ಟೆ? ಇಲ್ಲಿ ನಿನ್ನಮ್ಮ ಕ್ಷೇಮ. ಮಂಡಿನೋವು ಇದೆ, ನನ್ನನ್ನು ಬೈಯುವಾಗ ಮಾತ್ರ ಇರುವುದಿಲ್ಲ.

ನಮ್ಮ ಕಾರ್ಖಾನೆ ಬಿಟ್ಟು ಹೊರಡುವ ದಿನ ನೀನು ಬಾಗಿಲಲ್ಲಿ ನಿಂತು ಅಂದದ್ದು ನೆನಪಿದೆಯೇ? "ಅಪ್ಪಾ, ನಮ್ಮಲ್ಲಿ ಪ್ಲಾನ್ ಮಾಡೋಕೆ ಎಲ್ರೂ ಇದ್ದಾರೆ. ಅದು ಎಲ್ಲಿಗೆ ಬಂತು ಅಂತ ಕೇಳೋಕೆ ಒಬ್ರೂ ಇಲ್ಲ." ಮೂವತ್ತು ವರ್ಷದಿಂದ ಮೇಜು ಕುರ್ಚಿ ಮಾಡುತ್ತಿರುವವನಿಗೆ ಹೇಳಿಕೊಡಬೇಡ ಎಂದು ನಾನು ಮುಖ ತಿರುಗಿಸಿದೆ. ಈಗ ನಗದೆ ಓದು. ಒಂದು ಶಾಲೆಯಿಂದ ಅರವತ್ತು ಬೆಂಚು, ಹೆಡ್‌ಮಿಸ್ಸಿಗೊಂದು ಮೇಜು ಆರ್ಡರ್ ಬಂತು. ಶಾಲೆ ತೆರೆಯುವ ದಿನ ತಪ್ಪುವಂತಿಲ್ಲ. ಎಲ್ಲರನ್ನೂ ಕೂರಿಸಿ, ಯಾರು ಯಾವುದನ್ನು ಯಾವತ್ತಿಗೆ ಮುಗಿಸಬೇಕೆಂದು ಪ್ಲೈವುಡ್ ಹಲಗೆಯ ಮೇಲೆ ಅಚ್ಚುಕಟ್ಟಾಗಿ ಬರೆದೆ. ಮತ್ತೆ ಯಾವಾಗ ಸೇರುವುದು ಎಂಬುದನ್ನು ಮಾತ್ರ ಬರೆಯಲಿಲ್ಲ. ಎರಡು ವಾರ ಆ ಹಲಗೆಯ ಕಡೆ ಯಾರೂ ತಿರುಗಿ ನೋಡಲಿಲ್ಲ. ನಮ್ಮ ಬಡಗಿಯಣ್ಣ ನೋಡಿದ, ನಿಜ; ಅಳತೆ ಸರಿಹೋಯಿತೆಂದು ಅದನ್ನೇ ಹೆಡ್‌ಮಿಸ್ಸಿನ ಮೇಜಿನ ಡ್ರಾಯರಿಗೆ ತಳ ಹಾಕಿದ. ಮೇಜು ಹೋದ ಮರುದಿನ ಅವರ ಫೋನು: "ನಿಮ್ಮ ಪ್ಲಾನ್ ನನ್ನ ಡ್ರಾಯರಲ್ಲಿದೆ. ಇದರ ಪ್ರಕಾರ ಇವತ್ತಿಗೆ ಮೂವತ್ತು ಬೆಂಚು ಆಗಿರಬೇಕಲ್ವಾ?" ಆಗಿದ್ದದ್ದು ಒಂಬತ್ತು.

ಅಂದಿನಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಸಭೆ, ಅಂಟು ಬಿಸಿಯಾಗುವಷ್ಟೇ ಹೊತ್ತು. ಕುರ್ಚಿ ಮಾಡುವ ಜಾಗದಲ್ಲಿ ಯಾರಿಗೂ ಕುರ್ಚಿಯಿಲ್ಲ; ಕೂತರೆ ನಾನು ಹಳೇ ಪುರಾಣ ಬಿಚ್ಚುತ್ತೇನಂತೆ, ಪಾಲಿಶ್ ಅಕ್ಕನ ಕಟ್ಟಪ್ಪಣೆ. ಹೊಸ ಹಲಗೆಯ ಒಂದೊಂದೇ ಸಾಲು ಓದಿ ಅವಳು ಕೇಳುವುದಿಷ್ಟೆ: ಆಯಿತೇ? ಇಲ್ಲದಿದ್ದರೆ ಯಾವಾಗ? ಎರಡನೇ ಮಂಗಳವಾರವೇ ಸ್ಕ್ರೂ ಸಾಲದೆಂಬುದು ಹೊರಬಿತ್ತು. ಮುಂಚಿನ ನಮ್ಮ ರೀತಿಯಲ್ಲಾಗಿದ್ದರೆ ಕೊನೆಯ ದಿನ ಗೊತ್ತಾಗುತ್ತಿತ್ತು. ಮೊನ್ನೆ ಶನಿವಾರ ಅರವತ್ತನೆಯ ಬೆಂಚೂ ಲಾರಿ ಹತ್ತಿತು. ಬಡಗಿಯಣ್ಣ ಅದರ ಮೇಲೆ ಮದುಮಗನ ಹಾಗೆ ಕೂತು ಗೇಟಿನವರೆಗೆ ಹೋದ. ಇವತ್ತು ಶಾಲೆ ತೆರೆಯಿತು. ಒಂದು ಮಗುವೂ ನೆಲದ ಮೇಲೆ ಕೂತಿಲ್ಲ.

ಸುಖವಾಗಿರು ಕಂದಾ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ

ಮರೆತಿದ್ದೆ: ಹಲಗೆಯಲ್ಲಿ ಒಂದು ಸಾಲು ಉಳಿದುಬಿಟ್ಟಿದೆ. ಪಾಲಿಶ್ ಅಕ್ಕನ ಅಕ್ಷರ: "ಪುಟ್ಟಿಯನ್ನು ವಾಪಸ್ ಕರೆಯುವುದು. ಹೊಣೆ: ಯಜಮಾನರು." ಮೂರು ಮಂಗಳವಾರ ಎಲ್ಲರೆದುರು ನಿಂತು "ಇನ್ನೂ ಇಲ್ಲ" ಎಂದಿದ್ದೇನೆ. ನೀನು ಹೇಳಿದ್ದೇ ಸರಿ, ಬಾರಮ್ಮ. ನಾಳೆ ಸಭೆಯಲ್ಲಿ "ಆಯಿತು" ಅನ್ನುತ್ತೇನೆ. ಯಾವಾಗ ಬರುತ್ತಾಳೆ ಎಂದು ಅಕ್ಕ ಕೇಳದೆ ಬಿಡುವವಳಲ್ಲ. ಅದನ್ನು ಮುಂದಿನ ಮಂಗಳವಾರದೊಳಗೆ ಬರೆದು ತಿಳಿಸು.