ಈ ವರ್ಷದ ವಂದನಾರ್ಪಣೆ

ಹೊನ್ನೆಕೊಲ್ಲಿ ಎಸ್ಟೇಟ್, ಬಣಕಲ್ ಹತ್ತಿರ
೧೪ ಆಗಸ್ಟ್ ೨೦೦೦, ಸೋಮವಾರ ಮಧ್ಯಾಹ್ನ

ಮಾತು ಬಿಟ್ಟು ಕೂತಿರುವ ನನ್ನ ಯಜಮಾನರಿಗೆ,

ನಿಮ್ಮ ನಂಜಮ್ಮ ಮಾಡುವ ನಮಸ್ಕಾರಗಳು. ಒಂದೇ ಸೂರಿನಡಿ ಇದ್ದುಕೊಂಡು, ಒಂದೇ ಪಾತ್ರೆಯ ಸಾರು ಉಂಡುಕೊಂಡು, ಗಂಡನಿಗೆ ಪತ್ರ ಬರೆಯುವ ಕರ್ಮ ಇನ್ಯಾವ ಹೆಂಗಸಿಗೆ ಬಂದಿತ್ತೋ ಕಾಣೆ. ನೀವು ಕ್ಷೇಮವೆಂದು ನನಗೆ ಗೊತ್ತು. ಬೆಳಿಗ್ಗೆ ಕಡುಬನ್ನು ಮತ್ತೆ ಮತ್ತೆ ಹಾಕಿಸಿಕೊಂಡಿರಿ. ನನ್ನ ಕ್ಷೇಮ ನೀವು ಕೇಳಿಲ್ಲ, ಹಾಗಾಗಿ ನಾನೂ ಹೇಳುವುದಿಲ್ಲ. ಉಪ್ಪು ಬೇಕೆಂದರೂ ಮೇಸ್ತ್ರಿ ಗುರುವಯ್ಯನನ್ನು ಕರೆದು "ಒಳಗೆ ಹೇಳು" ಎನ್ನುತ್ತೀರಲ್ಲ, ಆ ಬಡಪಾಯಿ ಯಾರ ಮುಖ ನೋಡಬೇಕೆಂದು ತಿಳಿಯದೆ ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಹೇಳುತ್ತಾನೆ. ನಗು ಬರುತ್ತದೆ. ನಕ್ಕರೆ ನಿಮಗೆ ಇನ್ನಷ್ಟು ಸಿಟ್ಟು.

ಇಷ್ಟಕ್ಕೆಲ್ಲ ಕಾರಣ ಆ ಕಾರ್ಡು. ಹೋದ ವಾರ ಅಂಜನಮ್ಮ ಪಂಚಾಯಿತಿ ಕಾರ್ಯದರ್ಶಿಯ ಜೊತೆ ಸ್ವಾತಂತ್ರ್ಯ ದಿನಾಚರಣೆಯ ಆಮಂತ್ರಣ ಹಿಡಿದು ಬಂದಳು. ಇಷ್ಟು ವರ್ಷ ನಮ್ಮ ಪಾತ್ರೆ, ಬಟ್ಟೆ, ಅಂಗಳ ನೋಡಿಕೊಂಡವಳು ಹಿತ್ತಲ ಬಾಗಿಲು ಬಿಟ್ಟು ಮುಂಬಾಗಿಲಿಗೆ ಬಂದದ್ದು ಅದೇ ಮೊದಲು. ಈ ಮಳೆಗಾಲದಲ್ಲಿ ಪಂಚಾಯಿತಿ ಅಧ್ಯಕ್ಷೆಯಾದವಳು ಇನ್ನು ಹೇಗೆ ಬರಬೇಕಿತ್ತು? ಅಷ್ಟಾದರೂ ಚಪ್ಪಲಿಯನ್ನು ಗೇಟಿನ ಹತ್ತಿರವೇ ಬಿಟ್ಟು ಬಂದಿದ್ದಳು. ನೀವು ಪೇಪರಿನಿಂದ ತಲೆ ಎತ್ತದೆ, ಅಲ್ಲಿ ಇಟ್ಟು ಹೋಗು ಎಂದಿರಿ. ಅವಳು ಇಡಲಿಲ್ಲ. ಕೈ ಚಾಚಿಕೊಂಡೇ ನಿಂತಳು. ಕೊನೆಗೆ ನಾನು ಸೀರೆಗೆ ಕೈ ಒರೆಸಿಕೊಂಡು ಓಡಿಬಂದು ತೆಗೆದುಕೊಂಡೆ. ಆ ಗಳಿಗೆಯಿಂದ ನಿಮ್ಮ ಬಾಯಿಗೆ ಬೀಗ ಬಿತ್ತು.

ಕಾರ್ಡಿನಲ್ಲಿ ತಪ್ಪೇನೂ ಇರಲಿಲ್ಲ. ಧ್ವಜಾರೋಹಣಕ್ಕೆ ಅಧ್ಯಕ್ಷೆಯ ಹೆಸರು, ಕೊನೆಯಲ್ಲಿ ವಂದನಾರ್ಪಣೆಗೆ ಎಂದಿನಂತೆ ಮಹಿಳಾ ಸಮಾಜದ ನನ್ನ ಹೆಸರು. ಹಿಂದಿನ ಅಧ್ಯಕ್ಷರೆಲ್ಲ ಹಗ್ಗವನ್ನು ನಿಮ್ಮ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಇವಳು ಸರಿಯಲಿಲ್ಲ, ಅಷ್ಟೇ.

ಶನಿವಾರ ಪಕ್ಕದ ತೋಟದ ಬಸವರಾಜಪ್ಪನವರು ಬಂದು ಜಗಲಿಯಲ್ಲಿ ಕೂತಾಗ ನಿಮ್ಮಿಬ್ಬರ ದೇಶಚಿಂತೆ ಒಳಗಿನವರೆಗೂ ಕೇಳಿಸುತ್ತಿತ್ತು. ಮೀಸಲಾತಿಯಿಂದ ದೇಶ ಹಾಳಾಯಿತಂತೆ. ನಿನ್ನೆ ಕಳೆ ಕೀಳುತ್ತಿದ್ದವರು ಇವತ್ತು ಬಾವುಟ ಏರಿಸುವುದಾದರೆ ಕಾರ್ಗಿಲ್ಲಿನಲ್ಲಿ ಹುಡುಗರು ಸತ್ತದ್ದು ಯಾಕಂತೆ. ಕಾರ್ಗಿಲ್ಲಿಗೂ ಅಂಜನಮ್ಮನಿಗೂ ಏನು ಸಂಬಂಧವೋ ನನಗೆ ಹೊಳೆಯಲಿಲ್ಲ. ನೀವು, "ಪಂಚಾಯಿತಿ ಕಂಬ ನೆಟ್ಟಿದ್ದು ನಮ್ಮಪ್ಪ ಮಾರಾಯ, ನಲ್ವತ್ತೇಳರಲ್ಲಿ. ಅದರ ಉಪಕಾರ ಸ್ಮರಣೆ ಆದ್ರೂ ಬೇಡ್ವಾ ಇವ್ರಿಗೆ?" ಎಂದಿರಿ. ಮಾವನವರು ನೆಡಿಸಿದ್ದು ನಿಜ. ಕಾಡಿನಿಂದ ಆ ಮರ ಹೊತ್ತು ತಂದದ್ದು, ಗುಂಡಿ ತೋಡಿದ್ದು ಯಾರ ಅಪ್ಪ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಕ್ಕುಲಿ ತಟ್ಟೆ ಇಟ್ಟು ಒಳಗೆ ಬಂದೆ.

ಆಮೇಲೆ ನೀವು ಮಾಡಿದ್ದನ್ನು ಮಾತ್ರ ನುಂಗಲಾಗುತ್ತಿಲ್ಲ. ಕಾಫಿ ಒಣಗಿಸುವ ಕಣದಲ್ಲಿ, ಪಾಚಿ ಕಟ್ಟಿ ಜಾರುವ ಆ ಕಣದಲ್ಲಿ, ಸಿಲ್ವರ್ ಓಕಿನ ಗಳ ನೆಡಿಸಿದಿರಿ. ನಾಳೆ ಎಂಟು ಗಂಟೆಗೆ, ಪಂಚಾಯಿತಿಯಲ್ಲಿ ಬಾವುಟ ಏರುವ ಹೊತ್ತಿಗೇ, ಎಸ್ಟೇಟಿನದೇ ಧ್ವಜಾರೋಹಣ ಎಂದಿರಿ. ಕೂಲಿಯವರ ಲೈನ್ ಮನೆಗಳಿಗೆ ಗುರುವಯ್ಯನನ್ನು ಅಟ್ಟಿ ಹೇಳಿಸಿದಿರಿ: ಕಣಕ್ಕೆ ಬಂದವರಿಗೆ ಮೈಸೂರು ಪಾಕು, ಪಂಚಾಯಿತಿಗೆ ಹೋದವರು ಹದಿನಾರರಿಂದ ಕೆಲಸಕ್ಕೆ ಬರಬೇಕಾಗಿಲ್ಲ, ಅಂಜನಮ್ಮ ಕೆಲಸದ ಜೊತೆಗೆ ತನ್ನ ಲೈನ್ ಮನೆಯನ್ನೂ ಬಿಡಬೇಕು. ಈ ಮಳೆಯಲ್ಲಿ ಮನೆ ಬಿಡಿಸುವ ಮಾತು ನಿಮ್ಮ ಬಾಯಲ್ಲಿ ಹೇಗೆ ಬಂತು? ನಾಯಿಮರಿಯನ್ನೂ ಹೊರಗೆ ಹಾಕದ ಜೀವ ನಿಮ್ಮದು.

ನಿನ್ನೆ ಮುದುಕಿ ಮುತ್ತಮ್ಮ ಸೌದೆ ಹಾಕಲು ಬಂದವಳು ಬಚ್ಚಲ ಒಲೆಯ ಮುಂದೆ ಕೂತು ಕಣ್ಣೊರೆಸಿಕೊಂಡಳು. "ಬಾವುಟ ಒಂದೇ ಅಲ್ವಾ ಅಮ್ಮಾ? ಎರಡ್ ಕಡೆ ಏರ್ಸಿದ್ರೆ ನಾವು ಯಾವ್ದಕ್ಕೆ ಕೈ ಮುಗಿಯೋದು?" ಎಂದಳು. ನಿಮ್ಮ ಬಳಿ ಉತ್ತರವಿದ್ದರೆ ಗುರುವಯ್ಯನ ಕೈಲಿ ಹೇಳಿ ಕಳಿಸಿ.

ಉಪಕಾರದ ಮಾತು ಬಂತಲ್ಲ, ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅಂಜನಮ್ಮನ ಗಂಡ ಕಾಳುಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದಾಗ ನೀವೇ ಜೀಪು ಓಡಿಸಿಕೊಂಡು ಘಾಟಿ ಇಳಿದು ಮಂಗಳೂರಿಗೆ ಹೋದಿರಿ. ನಿಮ್ಮ ಕೈಯೆಲ್ಲ ರಕ್ತವಾಗಿತ್ತು. ಅವನು ಉಳಿದ. ಅದು ಸಣ್ಣ ಮಾತಲ್ಲ. ಅವಳೂ ಮರೆತಿಲ್ಲ, ಹರಕೆಯ ಕೋಳಿ ಕೊಯ್ಯುವಾಗ ಇವತ್ತಿಗೂ ನಿಮ್ಮ ಹೆಸರು ಹೇಳುತ್ತಾಳೆ. ಆದರೆ ಅತ್ತೆಯವರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದರಲ್ಲ, ಆಗ ಅವರನ್ನು ಎತ್ತಿ, ತೊಳೆದು, ಮಗ್ಗುಲು ಬದಲಿಸಿದವರು ಯಾರು? ಸೊಸೆಯಾದ ನಾನು ವಾಸನೆ ತಡೆಯಲಾರದೆ ಬಾಗಿಲಲ್ಲಿ ನಿಂತು ಹೇಳಿಕೊಡುತ್ತಿದ್ದೆ. ಮಗನಾದ ನೀವು ಅಷ್ಟು ಹತ್ತಿರವೂ ಬರಲಿಲ್ಲ. ಅವಳ ಕಾಫಿ ಲೋಟವನ್ನು ನಾವು ಇವತ್ತಿಗೂ ಹಿತ್ತಲ ಗೂಡಿನಲ್ಲಿಯೇ ಇಡುತ್ತೇವೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ಬಸವರಾಜಪ್ಪನವರಿಗೆ ಹೇಳುತ್ತಿದ್ದಿರಿ. ಈ ಮನೆಯ ಉಪ್ಪು ಅವಳು ತಿಂದಷ್ಟೇ ಅವಳ ಬೆವರಿನ ಉಪ್ಪು ನಾವೂ ತಿಂದಿದ್ದೇವೆ.

ಈಗ ಬಚ್ಚಿಟ್ಟ ಮಾತು. ನಾನು ವಂದನಾರ್ಪಣೆಗೆ ಒಲ್ಲೆನೆಂದು ಹೇಳಿ ಕಳಿಸಿದ್ದೇನೆಂದು ನೀವು ತಿಳಿದುಕೊಂಡಿದ್ದೀರಿ. ತಿಳಿದುಕೊಳ್ಳಲಿ ಎಂದು ನಾನೂ ಸುಮ್ಮನಿದ್ದೆ. ಬರುತ್ತೇನೆಂದು ಅವತ್ತೇ, ಗೇಟಿನ ಹತ್ತಿರ, ಅವಳಿಗೆ ಮಾತು ಕೊಟ್ಟಾಗಿದೆ. ನಾಳೆ ಬೆಳಿಗ್ಗೆ ನಾನು ಕಣದಲ್ಲಿ ನಿಮ್ಮ ಪಕ್ಕ ನಿಲ್ಲುವುದಿಲ್ಲ. ಪಂಚಾಯಿತಿಯವರು ಹಲಸಿನ ಮರಕ್ಕೆ ಮೈಕಿನ ಹಾರ್ನ್ ಕಟ್ಟಿದ್ದಾರೆ; ಕಣ ಅದರ ಕೆಳಗೇ ಇದೆ. ಯಾರಿಗೆ ಯಾರು ಋಣಿ ಎಂಬುದನ್ನು ನಾನು ಎಲ್ಲರ ಎದುರಿಗೆ ಹೇಳುತ್ತೇನೆ. ನೀವು ಕಿವಿ ಮುಚ್ಚಿಕೊಂಡರೂ ಕೇಳಿಸುತ್ತದೆ.

ಹೆದರಿಕೆಯಿಲ್ಲವೆಂದರೆ ಸುಳ್ಳು. ಮದುವೆಯಾದಂದಿನಿಂದ ನಿಮ್ಮ ಮಾತು ಮೀರಿ ಹೊಸಿಲು ದಾಟಿದವಳಲ್ಲ. ಲೈನಿನ ಜನ ಹೊಟ್ಟೆಪಾಡಿಗೆ ಹೆದರಿ ಕಣಕ್ಕೇ ಬಂದರೆ, ಖಾಲಿ ಅಂಗಳದಲ್ಲಿ ಅಂಜನಮ್ಮ ಒಬ್ಬಳೇ ಹಗ್ಗ ಹಿಡಿದು ನಿಲ್ಲಬೇಕಾಗುತ್ತದೆ. ಈಗಲೂ ಕಾಲ ಮಿಂಚಿಲ್ಲ. ಕಣದ ಗಳ ಕೀಳಿಸಿ, ನನ್ನ ಜೊತೆ ಬನ್ನಿ. ಕುರ್ಚಿ ಹಾಕಿಸುತ್ತಾರೆ, ಅವಳು ಗೌರವ ಗೊತ್ತಿದ್ದವಳು.

ಇಂತಿ,
ಸಿಟ್ಟಿನಲ್ಲಿಯೂ ನಿಮ್ಮವಳೇ ಆದ
ನಂಜಮ್ಮ

ವಿ. ಸೂ. (ಹದಿನೈದರ ಸಂಜೆ)

ಜೀಪಿನ ಕೀಯ ಕೆಳಗೆ ಈ ಪತ್ರ ಇಟ್ಟಿದ್ದೆ. ಬೆಳಿಗ್ಗೆ ಕೀ ಒಯ್ದಿದ್ದೀರಿ, ಪತ್ರವನ್ನು ಮಡಿಕೆ ಕೂಡ ಬಿಚ್ಚದೆ ಬಿಟ್ಟಿದ್ದೀರಿ. ಇರಲಿ, ನಡೆದದ್ದನ್ನೂ ಇದರಲ್ಲೇ ಸೇರಿಸುತ್ತೇನೆ. ಅರ್ಧ ನಿಮಗೆ ಗೊತ್ತು, ಇನ್ನರ್ಧ ಗೊತ್ತಿಲ್ಲ.

ಕಣಕ್ಕೂ ಪಂಚಾಯಿತಿಗೂ ನಡುವಿನ ಏರಿನಲ್ಲಿ ಲೈನಿನವರೆಲ್ಲ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ನಿಂತಿದ್ದರು. ಅತ್ತ ಹೋಗರು, ಇತ್ತ ಬಾರರು. ಕೆಳಗೆ ನೀವು, ಬಸವರಾಜಪ್ಪನವರು, ಗುರುವಯ್ಯ, ಡ್ರೈವರ್, ಅಷ್ಟೇ ಜನ. ನಾನು ಕೊಡೆ ಹಿಡಿದು ಲೈನಿನವರ ನಡುವೆಯೇ ನಡೆದೆ. "ಅಮ್ಮಾವ್ರೇ ಹೊರಟ್ರಲ್ಲ" ಎಂದು ಮುತ್ತಮ್ಮನ ದನಿ ಕೇಳಿಸಿತು. ಆಮೇಲೆ ಹಿಂದೆ ಕೆಸರು ತುಳಿಯುವ ಸದ್ದು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಪಂಚಾಯಿತಿ ಅಂಗಳ ಮುಟ್ಟಿ ನೋಡಿದರೆ ಕಾಲಿಡಲು ಜಾಗವಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

ನೆನೆದ ಹಗ್ಗ ಒಮ್ಮೆ ಕಚ್ಚಿಕೊಂಡಿತು. ಅಂಜನಮ್ಮ ತುಟಿ ಕಚ್ಚಿ ಇನ್ನೊಮ್ಮೆ ಜಗ್ಗಿದಳು. ಬಾವುಟ ಬಿಚ್ಚಿಕೊಂಡಿತು, ಹೂವಿನ ಎಸಳು ಅವಳ ತಲೆಯ ಮೇಲೇ ಬಿದ್ದವು. ಶಾಲೆಯ ಸೋರುವ ಹೆಂಚಿನ ಬಗ್ಗೆ, ಲೈನಿಗೆ ತರುವ ನಲ್ಲಿಯ ಬಗ್ಗೆ ನಾಲ್ಕು ಮಾತು ಚೊಕ್ಕವಾಗಿ ಆಡಿದಳು. ಕಂಬ ನೆಡಿಸಿದ ಮಾವನವರ ಹೆಸರನ್ನೂ ಬಿಡಲಿಲ್ಲ.

ನನ್ನ ಸರದಿ ಬಂತು. ನೀವು ಕೇಳಬೇಕೆಂದು ಗಂಟಲು ಎತ್ತಿ ಹೇಳಿದೆ. ಅಂಜನಮ್ಮ ನಮ್ಮ ಮನೆಯಲ್ಲಿ ಎಷ್ಟು ನಿಯತ್ತಿನಿಂದ ದುಡಿದಳು, ಅತ್ತೆಯವರ ಹೇಸಿಗೆಯನ್ನು ಮುಖ ಸಿಂಡರಿಸದೆ ಹೇಗೆ ಬಳಿದಳು, ಹಿತ್ತಲಲ್ಲಿ ಕೂತು ನಾವು ಕೊಟ್ಟಿದ್ದನ್ನು ಹೇಗೆ ಉಂಡಳು, ಅವಳ ಋಣ ನಮ್ಮ ಮೇಲಿದೆ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು. ಜೋರು ಚಪ್ಪಾಳೆ. ಕುರ್ಚಿಯಲ್ಲಿ ಕೂತಿದ್ದ ಅಂಜನಮ್ಮ ಮಾತ್ರ ನಿಧಾನವಾಗಿ ಪಾದಗಳನ್ನು ಕುರ್ಚಿಯ ಅಡಿಗೆ ಎಳೆದುಕೊಂಡಳು. ಆಗ ಅದು ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಗುರುವಯ್ಯ ಮೈಸೂರು ಪಾಕಿನ ಬುಟ್ಟಿ ಹೊತ್ತು ಬಂದ. "ಅಮ್ಮಾವ್ರು ಸರಿಯಾಗೇ ಹೇಳಿದ್ರಂತೆ. ಸಾವ್ಕಾರ್ರಿಗೆ ಭಾಳ ಖುಷಿ ಆಯ್ತು. ಯಾರ ಕೆಲ್ಸನೂ ಹೋಗಲ್ಲ, ಅಂಜನಮ್ಮನ ಮನೆನೂ ಹೋಗಲ್ಲ ಅಂದ್ರು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಜನಕ್ಕೆ ಹೋದ ಜೀವ ಬಂದಂತಾಗಿ ಬುಟ್ಟಿಗೆ ಮುತ್ತಿದರು. ಅಂಜನಮ್ಮ ಪಾದ ಎಳೆದುಕೊಂಡದ್ದು ಯಾಕೆಂದು ನನಗೆ ಆಗ ಹೊಳೆಯಿತು. ಎರಡನೆಯ ಬಾವುಟ ಏರಿಸಿ ನಿಮ್ಮ ಕೈಲಾಗದ್ದನ್ನು ನಾನು ಮೈಕು ಹಿಡಿದು ಮಾಡಿ ಮುಗಿಸಿದ್ದೆ. ಅವಳು ಯಾರ ಮನೆಯ ಆಳೆಂದು ಊರಿಗೆಲ್ಲ ಮತ್ತೊಮ್ಮೆ ಸಾರಿದ್ದೆ. ಅದಕ್ಕೇ ನಿಮಗೆ ಖುಷಿ.

ಜನ ಕರಗಿದ ಮೇಲೆ ಅವಳು ಆಫೀಸಿನ ಹಿಂದೆ ನನ್ನನ್ನು ಕರೆದಳು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು. "ದೊಡ್ಡಮ್ಮನ್ನ ಎತ್ತಿದ್ದು ನನ್ ಮನ್ಸಿಗೆ ಬಂದು ಎತ್ತಿದ್ದು. ಅದನ್ನ ಇವತ್ತೇ ಯಾಕಮ್ಮ ಹೇಳಿದ್ರಿ, ಬಾವುಟದ ಕೆಳಗೆ? ಪ್ರತಿ ವರ್ಷ ಸಾವ್ಕಾರ್ರಿಗೆ ಹೇಳ್ತಿದ್ರಲ್ಲ, ಧ್ವಜಾರೋಹಣ ನೆರವೇರಿಸಿದ ಮಾನ್ಯರಿಗೆ ವಂದನೆಗಳು ಅಂತ. ಅಷ್ಟು ಅಂದಿದ್ರೆ ಸಾಕಿತ್ತು ನಂಗೆ. ಅದೊಂದನ್ನೇ ಬಿಟ್ರಿ." ಹೌದು, ಬಿಟ್ಟಿದ್ದೆ. ಇಪ್ಪತ್ತು ವಾಕ್ಯ ಆಡಿದ ನನ್ನ ಬಾಯಿಗೆ ಆ ಒಂದು ವಾಕ್ಯ ಬಂದೇ ಇರಲಿಲ್ಲ.

ನಾಳೆಯಿಂದ ಅವಳು ನಮ್ಮ ಮನೆಗೆ ಬರುವುದಿಲ್ಲ. ಲೈನ್ ಮನೆಯನ್ನೂ ಬಿಟ್ಟು ಬಣಕಲ್ಲಿನಲ್ಲಿ ತಂಗಿಯ ಮನೆಗೆ ಹೋಗುತ್ತಾಳೆ. ನಾನು ಕೈ ಹಿಡಿದುಕೊಂಡು ಬೇಡವೆಂದೆ. "ಸಾವ್ಕಾರ್ರು ಬಿಡ್ಸಿದ್ದಲ್ಲ ಅಂತ ಅವ್ರಿಗೆ ಹೇಳಿ. ಅವ್ರ ಮಾತಿಗೆ ನಾನು ಹೆದರ್ಲಿಲ್ಲ" ಎಂದು ಮೆಲ್ಲಗೆ ಕೈ ಬಿಡಿಸಿಕೊಂಡಳು. ಯಾರ ಮಾತಿಗೆ ಹೋಗುತ್ತಿದ್ದಾಳೆಂದು ಅವಳು ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಮನೆಗೆ ಬಂದರೆ ನೀವು ಜಗಲಿಯಲ್ಲಿ ನನಗಾಗಿ ಕಾಯುತ್ತಿದ್ದಿರಿ. ನಗುತ್ತಾ, ಎಂದೂ ಇಲ್ಲದ ಅಕ್ಕರೆಯಿಂದ, ಎಷ್ಟು ಚೆನ್ನಾಗಿ ಮಾತಾಡ್ದೆ ಕಣೇ ಎಂದಿರಿ. ನೀವು ಮಾತು ಬಿಟ್ಟಿದ್ದ ದಿನಗಳಲ್ಲಿ ನನಗೆ ಇಷ್ಟು ಸಂಕಟವಾಗಿರಲಿಲ್ಲ.