ಮ್ಯಾಗ್ನೆಟೋ ಮೇಲಿನ ಗುರುತು

ಸೋಮನೂರು
12-7-1987

ರುಕ್ಮಣಿ ಅಕ್ಕನಿಗೆ, ತಮ್ಮ ನಟರಾಜನ್ ಮಾಡುವ ನಮಸ್ಕಾರ.

ಏಳು ವರ್ಷ ಮುಚ್ಚಿಟ್ಟದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಪ್ಪನ ಬಿ.ಎಸ್.ಎ. ಬೈಕಿನ ಮ್ಯಾಗ್ನೆಟೋ ಕದ್ದವನು ಮಾವನ ಮಗ ಪಳನಿಸಾಮಿ ಮಚ್ಚಾನ್ ಅಲ್ಲ, ನಾನು. ಸಿನಿಮಾ ನೋಡಲು, ಪರೋಟ ತಿನ್ನಲು ಉಕ್ಕಡದ ಹಳೇ ಕಬ್ಬಿಣದಂಗಡಿಗೆ ಮಾರಿದೆ. ಶೆಡ್ಡಿನ ಬೀಗದ ಕೈ ಮಚ್ಚಾನ್ ಹತ್ತಿರ ಇತ್ತೆಂದು ಅಪ್ಪ ಅವನನ್ನು ಕಳ್ಳ ಎಂದ. ಆ ಒಂದು ಮಾತಿಗೆ ಮಾವ ನಿಶ್ಚಯದ ತಾಂಬೂಲ ಹಿಂದಿರುಗಿಸಿದ. ಹುಟ್ಟಿದಾಗಿನಿಂದ ಅವನಿಗೆಂದೇ ಇದ್ದ ನಿನ್ನನ್ನು ಆರು ತಿಂಗಳೊಳಗೆ ಕೊಳ್ಳೇಗಾಲಕ್ಕೆ ಕೊಟ್ಟರು.

ನಿನ್ನ ಮೂರು ಕಾಗದಕ್ಕೆ ಉತ್ತರ ಬರೆಯದಿದ್ದುದಕ್ಕೂ ಇದೇ ಕಾರಣ. ಪೆನ್ನು ಹಿಡಿದರೆ ಇದೇ ಮೊದಲು ಬರುತ್ತಿತ್ತು. ಅಪ್ಪ ಕಲಿಸಿದಷ್ಟೇ ಕನ್ನಡ ನನ್ನದು, ತಪ್ಪಿದ್ದರೆ ತಿದ್ದಿಕೊಂಡು ಓದು.

ಅಮ್ಮನ ಮಂಡಿನೋವು ಹಾಗೇ ಇದೆ. ಮಗ್ಗಗಳು ಓಡುತ್ತಿವೆ. ನಾನು ತುಡಿಯಲೂರಿನ ವರ್ಕ್‌ಶಾಪಿನಲ್ಲಿದ್ದೇನೆ. ಒಂದು ವರ್ಷದಿಂದ ಭಾನುವಾರಗಳಲ್ಲಿ ಅಪ್ಪನ ಬೈಕು ಬಿಚ್ಚಿ ಕೂತಿದ್ದೆ. ಪಿಸ್ಟನ್ ರಿಂಗ್ ಈರೋಡಿನಲ್ಲಿ ಸಿಕ್ಕಿತು. ಮ್ಯಾಗ್ನೆಟೋ ಮಾತ್ರ ಎಲ್ಲೂ ಇಲ್ಲ, ಅದಿಲ್ಲದೆ ಎಂಜಿನ್ನಿಗೆ ಕಿಡಿ ಇಲ್ಲ. ಕೊಯಮತ್ತೂರಿನ ಅಂಗಡಿಯವನೊಬ್ಬ, "ಆ ಸಾಮಾನು ವೆಳ್ಳೆಕಾರ ದೊರೆಗಳ ಜೊತೇಲೇ ಹಡಗು ಹತ್ತಿತು ತಂಬಿ. ಈಜು ಬರುತ್ತಾ ನಿಂಗೆ?" ಎಂದು ನಕ್ಕ.

ಕೊನೆಗೆ ನಾನು ಮಾರಿದ ಅಂಗಡಿಗೇ ಹೋದೆ. ಮುದುಕ ಮಯಿಲ್‌ಸಾಮಿ ಇನ್ನೂ ಅಲ್ಲೇ ಕೂತಿದ್ದಾನೆ. "ಮರುದಿನವೇ ಒಬ್ಬ ಕೈಗಡಿಯಾರ ಬಿಚ್ಚಿಕೊಟ್ಟು ತಗೊಂಡು ಹೋದ. ಈಗಲೂ ಬೇರಿಂಗ್ ಕೇಳ್ಕೊಂಡು ಬರ್ತಾನಲ್ಲ, ಪೆರಿಯನಾಯಕನಪಾಳ್ಯಂ ಫಿಟ್ಟರ್ ಪಳನಿಸಾಮಿ" ಎಂದ.

ಹೋದೆ. ಮಚ್ಚಾನ್ ಹೆಂಡತಿ ಚಂದ್ರಾ ಕಾಫಿ ಕೊಟ್ಟಳು. ಅವನು ಟ್ರಂಕಿನಿಂದ ಹಳೇ ಪಂಚೆಯ ಗಂಟು ತಂದಿಟ್ಟ.

"ನೀನು ಗೋಣಿಚೀಲ ಹಿಡ್ಕೊಂಡು ಬಸ್ ಹತ್ತಿದ್ದು ನೋಡಿದ್ನಲ್ಲ ಮಾಪ್ಳೆ. ಅಂಗಡಿ ಹುಡುಕಿ ಬಿಡಿಸ್ಕೊಂಡು ಬರೋಷ್ಟರಲ್ಲಿ ನಿಮ್ಮಪ್ಪ ಊರೆದುರು ನನ್ನ ತಿರುಡ, ಕಳ್ಳ ಅಂದಾಗಿತ್ತು. ತಂದುಕೊಟ್ರೆ ನಾನೇ ಕದ್ದೆ ಅಂತಾಗುತ್ತೆ. ನಿನ್ ಹೆಸರು ಹೇಳಿದ್ರೆ ನಿನ್ ಕಾಲು ಇರ್ತಿರ್ಲಿಲ್ಲ. ಕಾಫಿ ಕುಡಿ, ಆರೋಗುತ್ತೆ."

ನಿನ್ನೆ ಬೈಕು ನಾಲ್ಕನೇ ಒದೆಗೆ ಸ್ಟಾರ್ಟ್ ಆಯಿತು. ಅಪ್ಪ ಹತ್ತಿ ಕೂತು ನಕ್ಕ. ಆಗ ಎಲ್ಲ ಹೇಳಿದೆ. ಅಪ್ಪ ಎಂಜಿನ್ ನಿಲ್ಲಿಸಿದ. "ಆ ಹುಡುಗನ ಮುಂದೆ ಯಾವ ಮುಖ ಇಟ್ಕೊಂಡು ನಿಲ್ಲಲೋ?" ಎಂದ. ಅಮ್ಮ ಅತ್ತಳು. ನಾನು ಎಣ್ಣೆ ಕೈ ತೊಳೆದು ಉಂಡೆ. ಏನು ಉಂಡೆನೆಂದು ನೆನಪಿಲ್ಲ.

ಕ್ಷಮಿಸು ಎಂದು ಬರೆಯಲಾರೆ. ಬಾವನಿಗೆ ನಮಸ್ಕಾರ ಹೇಳು. ಮಗುವಿಗೆ ಮುತ್ತು. ಮಾರಿಯಮ್ಮ ನಿಮ್ಮನ್ನು ತಂಪಾಗಿಟ್ಟಿರಲಿ.

ನಿನ್ನ ತಮ್ಮ,
ನಟರಾಜನ್

ಮತ್ತೆ: ನೀನು ಹುಟ್ಟಿದ ದಿನ ಅಪ್ಪ ಆ ಮ್ಯಾಗ್ನೆಟೋ ಮೇಲೆ ಉಳಿಯಲ್ಲಿ 'ರು' ಎಂದು ಕೆತ್ತಿದ್ದನಲ್ಲ. ಮಚ್ಚಾನ್‌ಗೆ ಕನ್ನಡ ಓದಲು ಬಾರದು. "ಏಳು ವರ್ಷ ಇದನ್ನ ಒರೆಸಿ ಇಟ್ಟಿದೀನಿ, ಇದೇನು ಗುರುತು ಮಾಪ್ಳೆ, ಕಂಪನೀದಾ?" ಎಂದು ಕೇಳಿದ. ಹೌದು ಎನ್ನಬಹುದಿತ್ತು. ಅಕ್ಕನ ಹೆಸರಿನ ಮೊದಲಕ್ಷರ ಎಂದೆ. ಅವನು ಚಂದ್ರಾಳನ್ನು ಇನ್ನೊಂದು ಲೋಟ ಕಾಫಿ ತರಲು ಒಳಗೆ ಕಳಿಸಿದ. ಹೆಬ್ಬೆರಳಿನಿಂದ ಆ ಅಕ್ಷರವನ್ನು ಒಂದು ಸಲ ಸವರಿದ. ಅವಳು ಬರುವಷ್ಟರಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟಿದ್ದ.

ಅಪ್ಪನ ಎದುರು ಇನ್ನು ಈ ಮನೆಯಲ್ಲಿರಲಾರೆ. ಸೇಲಂನಲ್ಲಿ ಕೆಲಸ ಇದೆಯಂತೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.