ಪೈಪಿಗಿಂತ ಮುಂಚೆ ಡಾಂಬರು

ಮಾರ್ಚ್ 3, ಬೆಳಿಗ್ಗೆ
ವಾರ್ಡಿನಲ್ಲಿ ಎಂದಿನ ಸುತ್ತು. ಎಲ್ಲಿ ಹೋದರೂ ಟೀಚರಮ್ಮನ ಮಾತೇ. ಪಕ್ಕದ ವಾರ್ಡಿನ ಕೌನ್ಸಿಲರ್. ನನ್ನ ಹಾಗೆ ಮೊದಲ ಸಲ ಗೆದ್ದವರು. ನನ್ನ ಗಡ್ಡ ಕೆರೆಯುತ್ತಾ ಕ್ಷೌರದವನು ನನಗೇ ಹೇಳುತ್ತಾನೆ — "ಅವ್ರು ಎಲ್ಲಾ ಓದ್ಕೊಂಡೇ ಸಭೆಗೆ ಬರ್ತಾರಂತೆ ಸಾರ್." ಕತ್ತಿ ಅವನ ಕೈಯಲ್ಲಿತ್ತು. ಹೂಂ ಅಂದೆ.

ಮಾರ್ಚ್ 5
ಕೌನ್ಸಿಲ್ ಸಭೆ. ಡಾಂಬರು ಮೊದಲು ಟೀಚರಮ್ಮನ ರಸ್ತೆಗೆ. ನನ್ನ ಬೀದಿಗೆ ನೀರಿನ ಪೈಪ್ ಬದಲಾಯಿಸಿದ ಮೇಲಂತೆ. ನಾನೂ ಕೈ ಎತ್ತಿ ಒಪ್ಪಿ ಬಂದೆ. ಮನೆಯಲ್ಲಿ ಹೆಂಡತಿ, "ಅವ್ರ ರಸ್ತೆ ಮಂಜೂರೂ ಆಗೋಯ್ತಾ? ಕೆಲಸ ಮಾಡೋರು ಅಂದ್ರೆ ಹಾಗಿರ್ಬೇಕು ನೋಡಿ!" ತಟ್ಟೆ ಸರಿಸಿ ಎದ್ದೆ. ಹೊಟ್ಟೆಕಿಚ್ಚು. ಹೌದು, ಅದೇ. ಬೇರೆ ಹೆಸರು ಯಾಕೆ?

ಮಾರ್ಚ್ 9
ನಗರಸಭೆ ಇಂಜಿನಿಯರನ್ನು ನಮ್ಮ ಬೀದಿಯಲ್ಲೇ ಹಿಡಿದೆ. "ನಾಳೇನೇ ಇಲ್ಲಿಗೆ ಡಾಂಬರು ಹಾಕ್ಸಿ."
"ಸಾರ್, ಪೈಪ್ ಆಗಿಲ್ಲ. ಕಮಿಷನರ್ ಆರ್ಡರ್ ಬೇಕು..."
"ಜನ ಗೆಲ್ಸಿರೋದು ನನ್ನ. ಕಮಿಷನರ್ ಹತ್ರ ನಾನು ಮಾತಾಡ್ತೀನಿ."
ಕಮಿಷನರ್ ಹತ್ತಿರ ಹೋಗಲೇ ಇಲ್ಲ.

ಮಾರ್ಚ್ 11
ರಸ್ತೆ ಫಳಫಳ. ಮಧ್ಯದಲ್ಲಿ ನಿಂತು ಫೋಟೊ ತೆಗೆಸಿಕೊಂಡೆ. ಟೀಚರಮ್ಮ ಎದುರಾದರು. "ಚೆನ್ನಾಗಿದೆ. ಪೈಪ್?" ಅಂದರು. ಮೈಯೆಲ್ಲ ಉರಿದುಹೋಯಿತು.

ಮಾರ್ಚ್ 28
ಹಳೇ ಪೈಪ್ ಒಡೆಯಿತು. ಹೊಸ ಡಾಂಬರು ಅಗೆದು ಹಾಕಿದರು. ಗುಂಡಿ ನಮ್ಮ ಬಾಗಿಲ ಮುಂದೆಯೇ... ಆರ್ಡರ್ ಇಲ್ಲದೆ ಡಾಂಬರು ಹಾಕಿಸಿದ್ದಕ್ಕೆ ಇಂಜಿನಿಯರ್ ಮೇಲೆ ವಿಚಾರಣೆ, ಮುಂದಿನ ಸಭೆಯಲ್ಲಿ. ಕೆಲಸ ಹೋಗಬಹುದು. ಯಾರು ಹೇಳಿದ್ದು ಅಂದರೆ ಬಾಯಿ ಬಿಡುತ್ತಿಲ್ಲವಂತೆ. ನನ್ನ ಮೇಲಿನ ಹೆದರಿಕೆ.

ಏಪ್ರಿಲ್ 2, ಸಂಜೆ
ಟೀಚರಮ್ಮನ ಫೋನ್. ಹೇಳಿದ್ದು ನಾನೇ ಅಂತ ಬೀದಿಯವರಿಂದ ಅವರಿಗೆ ಗೊತ್ತಾಗಿದೆ. "ಏನಾಗ್ಬೇಕು ಅಂತ ಸಭೇಲಿ ತೀರ್ಮಾನ ಮಾಡೋದು ನಮ್ಮ ಕೆಲಸ. ಬೀದೀಲಿ ನಿಂತು ಇಂಜಿನಿಯರ್ಗೆ ಆರ್ಡರ್ ಹಾಕೋದಲ್ಲ. ಹಾಕ್ಸಿದ್ದು ನಾನೇ ಅಂತ ನಾಳೆ ಸಭೇಲಿ ನೀವು ಹೇಳಿ. ನೀವು ಹೇಳ್ದಿದ್ರೆ ಅವ್ರ ಪರವಾಗಿ ನಾನೇ ಎದ್ದು ನಿಲ್ತೀನಿ."
ಸರಿಯಾದ ಮಾತೇ. ಅದಕ್ಕೇ ಇನ್ನೂ ಉರಿ. ಆ ಒಳ್ಳೆ ಹೆಸರೂ ಅವರಿಗೇ ಹೋಗಬೇಕೇ?

ಏಪ್ರಿಲ್ 3, ಸಭಾಂಗಣ
ಡೈರಿ ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇಂಜಿನಿಯರ್ ಬಾಗಿಲ ಬಳಿ ನಿಂತಿದ್ದಾನೆ, ಮುಖದಲ್ಲಿ ರಕ್ತವಿಲ್ಲ. ಪಾಪ ಅನಿಸುತ್ತದೆ. ಆದರೆ ಪಾಪ ಅನಿಸಿದ್ದಕ್ಕೆ ನಾನು ಏಳುವವನಲ್ಲ, ನನಗೆ ಗೊತ್ತು. ಟೀಚರಮ್ಮ ಕುರ್ಚಿಯ ತುದಿಗೆ ಬಂದು ಕೂತಿದ್ದಾರೆ. ಕಮಿಷನರ್ ಕೇಳುತ್ತಿದ್ದಾರೆ — "ಯಾರು ಹೇಳಿದ್ದು?" ಟೀಚರಮ್ಮನ ಕುರ್ಚಿ ಸರಿದ ಸದ್ದು. ಇಲ್ಲ, ಈ ಸಲ ನಾನೇ ಮೊದ—